ಕಟ್ಟಿಗೆ ತಿನ್ನುವ ಮೀನಿಗೆ ಮೂರಡಿ ಟ್ಯಾಂಕು, ಹೊಟ್ಟಿನ ಕಾಲುವೆ ಸಮೇತ

ಕ್ಲೌನ್ ಪ್ಲೆಕೊ ಎಂಬ ಕಟ್ಟಿಗೆ ಕೆರೆಯುವ ಮೀನನ್ನು ತಂದು ಬಿಟ್ಟ ಎರಡೇ ವಾರಕ್ಕೆ ಟ್ಯಾಂಕಿನ ತಳದಲ್ಲಿ ಗರಗಸದ ಪುಡಿಯಂಥ ಕಂದು ಹೊಟ್ಟು ಹರಡಿಕೊಳ್ಳುತ್ತದೆ. ಅದು ಮಣ್ಣಲ್ಲ, ಉಳಿದುಹೋದ ಆಹಾರವೂ ಅಲ್ಲ. ರಾತ್ರಿಯಿಡೀ ಕಟ್ಟಿಗೆ ಕೆರೆದ ಮೀನಿನ ಹಿಕ್ಕೆ. ಮಾಮೂಲಿ ಫಿಲ್ಟರು, ಮಾಮೂಲಿ ಜಲ್ಲಿ ಹಾಕಿದ ಟ್ಯಾಂಕು ಸೋಲುವುದು ಈ ಹೊಟ್ಟಿನ ಎದುರಿಗೇ. ಪವರ್ ಫಿಲ್ಟರಿನ ಸಣ್ಣ ಸ್ಪಂಜು ಕೆಲವೇ ದಿನಕ್ಕೆ ಕಟ್ಟಿಕೊಳ್ಳುತ್ತದೆ, ಜಲ್ಲಿಯ ಸಂದಿಗೆ ಇಳಿದದ್ದು ಅಲ್ಲೇ ಕೊಳೆಯುತ್ತದೆ, ನೀರು ಹುಳಿಯಾಗುತ್ತದೆ. ಹಾಗಾಗಿ ಶಿರಸಿಯ ಈ ಟ್ಯಾಂಕನ್ನು ಮೊದಲಿನಿಂದಲೇ ಹೊಟ್ಟಿನ ಲೆಕ್ಕ ಹಿಡಿದು ಕಟ್ಟಿದೆ. ಹೊಟ್ಟು ಎಲ್ಲಿ ಹುಟ್ಟುತ್ತದೆ, ನೀರು ಅದನ್ನು ಎತ್ತ ಒಯ್ಯುತ್ತದೆ, ಎಲ್ಲಿ ಕೂರಿಸಿ ಎಳೆದು ತೆಗೆಯಬೇಕು ಎಂಬುದು ಮೊದಲು. ಗಿಡ, ದೀಪ, ಅಲಂಕಾರ ಎಲ್ಲ ಆಮೇಲೆ. ಕಾರವಾರ, ಕುಮಟಾ ಕಡೆ ಇದೇ ಕೆಲಸ ಮಾಡುವವರಿಗೆ ಎಲ್ಲಿ ಬದಲಾಗುತ್ತದೆ ಎಂಬುದನ್ನು ಆಯಾ ಜಾಗದಲ್ಲೇ ಹೇಳಿದೆ.

ಯಾವ ಮೀನು

ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಕಪ್ಪು ಚುಕ್ಕೆಯ ಸಕ್ಕರ್ ಫಿಶ್ ಇದಲ್ಲ. ಅದು ಟೆರಿಗೊಪ್ಲಿಕ್ತಿಸ್ ಜಾತಿ. ಒಂದಡಿ ದಾಟಿ ಬೆಳೆಯುತ್ತದೆ, ಕಟ್ಟಿಗೆಯ ಮೇಲೆ ಬದುಕುವುದೂ ಇಲ್ಲ. ಇಲ್ಲಿ ಬೇಕಾದದ್ದು ಕ್ಲೌನ್ ಪ್ಲೆಕೊ, ಶಾಸ್ತ್ರೀಯ ಹೆಸರು ಪನಾಕೊಲಸ್ ಮ್ಯಾಕಸ್. ವೆನೆಜುವೆಲಾ, ಕೊಲಂಬಿಯಾಗಳ ಒರಿನೊಕೊ ನದಿಯ ಕವಲುಗಳದ್ದು. ಕಪ್ಪು ಮೈಯ ಮೇಲೆ ತಿಳಿ ಹಳದಿ ಪಟ್ಟೆ, ಪೂರ್ತಿ ಬೆಳೆದರೆ 9-10 ಸೆಂಟಿಮೀಟರ್. ಗುರುತು ಹಿಡಿಯಬೇಕಾದದ್ದು ಬಣ್ಣದಿಂದಲ್ಲ, ಹಲ್ಲಿನಿಂದ. ಮೀನು ಗಾಜಿಗೆ ಅಂಟಿದಾಗ ಬಾಯಿ ನೋಡಿ: ಪಾಚಿ ತಿನ್ನುವ ಸಕ್ಕರ್‌ಗೆ ಬಾಚಣಿಗೆಯಂತೆ ನೂರಾರು ಸಣ್ಣ ಹಲ್ಲು, ಇದಕ್ಕೆ ಎಣಿಸಬಹುದಾದಷ್ಟೇ ಹಲ್ಲು, ಒಂದೊಂದೂ ಪುಟ್ಟ ಚಮಚದಂತೆ ಗಟ್ಟಿ. ಬಡಗಿಯ ಉಳಿಯಂತೆ ಕಟ್ಟಿಗೆಯನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸುವುದು ಆ ಚಮಚಗಳೇ.

ಇದೇ ಬಳಗದ ದೊಡ್ಡಣ್ಣ ರಾಯಲ್ ಪ್ಲೆಕೊ, ಅಂದರೆ ಪನಾಕೆ ನಿಗ್ರೊಲಿನಿಯೇಟಸ್. ಕೆಂಪು ಕಣ್ಣು, ಉದ್ದ ಗೆರೆ, ಮರಿಯಲ್ಲಿ ಬಹಳ ಚೆಂದ. ಆದರೆ 40 ಸೆಂಟಿಮೀಟರ್ ಮೀರಿ ಬೆಳೆಯುತ್ತದೆ. ಆರಡಿ ಟ್ಯಾಂಕು ಇಲ್ಲದವರು ಅದರ ಮರಿಯನ್ನೂ ತರಬಾರದು. ದೊಡ್ಡದಾಯಿತೆಂದು ಅಘನಾಶಿನಿಗೋ ಕಾಳಿಗೋ ಬಿಡುವುದಂತೂ ಆಗಲೇಬಾರದ ಕೆಲಸ. ಟೆರಿಗೊಪ್ಲಿಕ್ತಿಸ್ ಹೀಗೆ ಮನೆಯ ಟ್ಯಾಂಕಿನಿಂದ ಹೊರಬಿದ್ದು ನಮ್ಮ ದೇಶದ ಹಲವು ಕೆರೆ ಹೊಳೆಗಳಲ್ಲಿ ಬೇರೂರಿದೆ; ದಂಡೆ ಕೊರೆಯುತ್ತದೆ, ಮೀನುಗಾರರ ಬಲೆ ಹರಿಯುತ್ತದೆ.

ಇನ್ನು 'ತಿನ್ನುವುದು' ಎಂಬ ಮಾತಿನ ಬಗ್ಗೆ. ಅಮೆರಿಕದ ಜೀವಶಾಸ್ತ್ರಜ್ಞ ಡೊನೊವನ್ ಜರ್ಮನ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಬಳಗದ ಮೀನುಗಳ ಕರುಳನ್ನು ಪರೀಕ್ಷಿಸಿದ್ದರು. ನುಂಗಿದ ಕಟ್ಟಿಗೆ ನಾಲ್ಕು ಗಂಟೆಯೊಳಗೆ ಹೊರಬೀಳುತ್ತದೆ, ಗೆದ್ದಲಿನಂತೆ ನಾರನ್ನು ಅರಗಿಸುವ ಏರ್ಪಾಡು ಕರುಳಿನಲ್ಲಿ ಇಲ್ಲ ಎಂಬುದು ಅಲ್ಲಿ ತಿಳಿದುಬಂತು. ಮೀನಿಗೆ ದಕ್ಕುವುದು ಶಿಲೀಂಧ್ರ, ಬ್ಯಾಕ್ಟೀರಿಯಾ ಸೇರಿ ಅರ್ಧ ಕರಗಿಸಿಟ್ಟ ಭಾಗ, ಮತ್ತು ಕಟ್ಟಿಗೆಯ ಮೇಲಿನ ಲೋಳೆಪದರ. ಇದರಿಂದ ಟ್ಯಾಂಕು ಕಟ್ಟುವವರು ತಿಳಿಯಬೇಕಾದದ್ದು ಎರಡು. ತಿಂದದ್ದರಲ್ಲಿ ಬಹುಪಾಲು ಹೊಟ್ಟಾಗಿಯೇ ಹೊರಬರುತ್ತದೆ, ಅದೂ ರಾಶಿಯಾಗಿ. ಮತ್ತು ಹೊಸ ಕಟ್ಟಿಗೆಯೊಂದನ್ನೇ ನಂಬಿಸಿದರೆ ಮೀನು ಸೊರಗುತ್ತದೆ. ಕಟ್ಟಿಗೆ ನೀರಿನಲ್ಲಿ ಹಳತಾಗಬೇಕು, ಬೇರೆ ಮೇವೂ ಸಿಗಬೇಕು.

ಕಟ್ಟಿಗೆ: ಟ್ಯಾಂಕಿಗಿಂತ ಆರು ವಾರ ಮೊದಲು

ಕೆಲಸ ಶುರುವಾಗುವುದು ಗಾಜಿನಿಂದಲ್ಲ, ಕಟ್ಟಿಗೆಯಿಂದ. ಈ ಟ್ಯಾಂಕಿಗೆ ಬಳಸಿದ್ದು ಹಿತ್ತಿಲಲ್ಲಿ ಒಣಗಿ ನಿಂತು ವರ್ಷ ಕಳೆದ ಪೇರಲ ಮರದ ಕವಲು, ಒಟ್ಟು ಮೂರು ತುಂಡು, ಒಣತೂಕ ಸುಮಾರು ಮೂರೂವರೆ ಕೆಜಿ. ಪೇರಲ ಗಟ್ಟಿ, ಅಂಟು ಇಲ್ಲ, ನಿಧಾನ ಸವೆಯುತ್ತದೆ. ನೆಲ್ಲಿಯೂ ಆಗುತ್ತದೆ, ಬಾವಿಯ ತಳಕ್ಕೆ ನೆಲ್ಲಿ ಕಟ್ಟಿಗೆ ಹಾಕುವ ರೂಢಿ ನಮ್ಮ ಕಡೆ ಇದ್ದೇ ಇದೆ, ಬಣ್ಣ ಮಾತ್ರ ಜಾಸ್ತಿ ಬಿಡುತ್ತದೆ. ಮಾವು ಆಗುತ್ತದೆ, ಆದರೆ ಮೆತ್ತಗಿನ ಮರ, ಬೇಗ ಕೊಳೆಯುತ್ತದೆ, ಹೊಟ್ಟೂ ಹೆಚ್ಚು. ಹಲಸಿನ ತಿರುಳು ನೀರಿಗೆ ಹಳದಿ ಬಿಡುವುದು ನಿಲ್ಲಲು ತಿಂಗಳುಗಟ್ಟಲೆ ಬೇಕು.

ಬೇಡವೇ ಬೇಡದವು: ಗೇರು ಮತ್ತು ಹೊಳಗೇರು, ಎರಡರ ಸೊನೆಯೂ ಮೈ ಸುಡುವಂಥದ್ದು. ರಬ್ಬರು, ನೀಲಗಿರಿ, ಬೇವು. ಎಣ್ಣೆಯಂಶ ತುಂಬಿದ ಸಾಗುವಾನಿ. ಹೊನ್ನೆ ಕೂಡ ಬೇಡ. ಸಕ್ಕರೆ ಕಾಯಿಲೆಯವರು ರಾತ್ರಿ ನೀರು ತುಂಬಿಟ್ಟು ಬೆಳಿಗ್ಗೆ ಕುಡಿಯುವ ಲೋಟ ಹೊನ್ನೆಯದೇ, ನೀರಿಗೆ ರಸ ಬಿಡುವುದೇ ಆ ಮರದ ಗುಣ. ಬಡಗಿ ಅಂಗಡಿಯ ಚೂರು, ಪ್ಲೈವುಡ್ ತುಂಡು, ಗೆದ್ದಲು ಔಷಧಿ ಹೊಡೆದ ಅಥವಾ ಗೇರೆಣ್ಣೆ ಬಳಿದ ಹಳೆಯ ರೀಪು ಇವೆಲ್ಲ ವಿಷದ ಸಮಾನ. ಅಡುಗೆಮನೆಯ ಅಟ್ಟದಲ್ಲಿ ಹೊಗೆ ಹಿಡಿದ ಕಟ್ಟಿಗೆಯನ್ನೂ ಮುಟ್ಟಬೇಡಿ, ಹೊಗೆಯ ಅಂಟು ಕುದಿಸಿದರೂ ಪೂರ್ತಿ ಬಿಡುವುದಿಲ್ಲ.

ತೋಟದ ಕಟ್ಟಿಗೆಯ ಬಗ್ಗೆ ಒತ್ತಿ ಹೇಳಬೇಕಾದ ಮಾತಿದೆ. ಅಡಿಕೆ ತೋಟಕ್ಕೆ ಮಳೆಗಾಲದಲ್ಲಿ ಕೊಳೆರೋಗ ತಡೆಯಲು ಹೊಡೆಯುವ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ ಇರುತ್ತದೆ. ಮೈಲುತುತ್ತ ಎಂದರೆ ತಾಮ್ರ. ಅಡಿಕೆ ಗೊನೆಗೆ ಹೊಡೆದದ್ದು ಗಾಳಿಗೆ ಹಾರಿ ತೋಟದಂಚಿನ ಪೇರಲ, ಮಾವುಗಳ ತೊಗಟೆಗೂ ಕೂತಿರುತ್ತದೆ. ವರ್ಷ ವರ್ಷ ಔಷಧಿ ಬಿದ್ದ ಮರದ ಕವಲನ್ನು ಹಗಲೂ ರಾತ್ರಿ ಕೆರೆದು ನುಂಗುವ ಮೀನಿಗೆ ಕೊಡುವುದು ತಪ್ಪು. ಮನೆಯ ಹಿಂದಿನ, ತೋಟದಿಂದ ದೂರದ ಮರವೇ ಆಗಬೇಕು. ಔಷಧಿ ಹೊಡೆಯುವ ದಿನಗಳಲ್ಲಿ ತೋಟದ ನಡುವಿನ ಬಾವಿಯ ನೀರನ್ನೂ ಟ್ಯಾಂಕಿಗೆ ಹಾಕಬೇಡಿ.

ಕಾಡಿನಿಂದಲೋ ಕಾಳಿಯ ದಂಡೆಯಿಂದಲೋ ಹೊತ್ತು ತರುವುದು ಬೇಡ, ಅದು ಬಹುಪಾಲು ಅರಣ್ಯ ಇಲಾಖೆಯ ನೆಲ. ಕಾಂಡ್ಲಾ ಗಿಡದ ಬೇರು ನೋಡಲು ಎಷ್ಟೇ ಸೊಗಸಾಗಿದ್ದರೂ ಮುರಿಯಬಾರದು. ಕಡಲ ದಂಡೆಗೆ ತೇಲಿ ಬಂದ ಮರದೊಳಗೆ ಉಪ್ಪು ಇಳಿದಿರುತ್ತದೆ. ಅದು ತಿಂಗಳುಗಟ್ಟಲೆ ಬಿಡುತ್ತಲೇ ಇರುತ್ತದೆ.

ತೊಗಟೆ ಪೂರ್ತಿ ಸುಲಿದು, ಗಟ್ಟಿ ಬ್ರಷ್ಷಿನಿಂದ ಉಜ್ಜಿ, ಉಗುರು ಇಳಿಯುವಷ್ಟು ಮೆತ್ತಗಾದ ಭಾಗ ಕಡಿದು ಹಾಕಿ. ಆಮೇಲೆ ಕುದಿಸುವುದು. ಬಚ್ಚಲ ತಾಮ್ರದ ಹಂಡೆ ದೊಡ್ಡದಾಗಿ ಕೈಗೆ ಸಿಗುತ್ತದೆ, ಆದರೆ ಕಟ್ಟಿಗೆಯ ಒಗರು ನೀರು ಹುಳಿ. ಬಿಸಿಯಲ್ಲಿ ತಾಮ್ರವನ್ನು ಎಳೆದುಕೊಳ್ಳುತ್ತದೆ. ಸ್ಟೀಲ್ ಪಾತ್ರೆಯೇ ಬೇಕು. ಎರಡೆರಡು ಗಂಟೆಯಂತೆ ಮೂರು ಸಲ, ಪ್ರತಿ ಸಲ ನೀರು ಚೆಲ್ಲಿ. ಮೊದಲ ನೀರು ಕಷಾಯದಂತೆ ಕಪ್ಪು, ಮೂರನೆಯದು ತಿಳಿ ಚಹಾದಂತೆ ಬಂತು. ನಂತರ ದೊಡ್ಡ ಬಕೆಟ್ಟಿನಲ್ಲಿ ಕಲ್ಲು ಹೇರಿ ನಾಲ್ಕು ವಾರ ಮುಳುಗಿಸಿಡುವುದು, ಮೂರು ದಿನಕ್ಕೊಮ್ಮೆ ನೀರು ಬದಲು. ಎರಡು ತುಂಡು 25ನೇ ದಿನಕ್ಕೆ ತಾವೇ ಮುಳುಗಿದವು. ಮೂರನೆಯದು ತೇಲುತ್ತಲೇ ಇದ್ದುದರಿಂದ ಅಂಗೈಯಗಲದ ಕಡಪಾ ಕಲ್ಲಿಗೆ ತೂತು ಕೊರೆದು ಎರಡು ಸ್ಟೇನ್‌ಲೆಸ್ ಸ್ಕ್ರೂ ಹಾಕಿ ಕೂರಿಸಿದೆ. ಕಬ್ಬಿಣದ ಮೊಳೆ ಬೇಡ.

ಕಟ್ಟೆ ಮತ್ತು ಗಾಜು

ಟ್ಯಾಂಕಿನ ಅಳತೆ 36×18×18 ಇಂಚು, 8 ಮಿಲಿಮೀಟರ್ ಗಾಜು. ಗಾಜೇ ಸುಮಾರು 33 ಕೆಜಿ; ನೀರು, ಮರಳು, ಕಟ್ಟಿಗೆ ಸೇರಿ 200 ಕೆಜಿ ದಾಟುತ್ತದೆ. ಅಕ್ರಿಲಿಕ್ ಟ್ಯಾಂಕು ಈ ಮೀನಿಗೆ ಆಗದು, ಆ ಹಲ್ಲು ಅದರ ಮೇಲೆ ಗೀರು ಎಬ್ಬಿಸುತ್ತದೆ.

ಕಬ್ಬಿಣದ ಸ್ಟ್ಯಾಂಡು ಕರಾವಳಿಯ ಗಾಳಿಗೆ ಬೆಸುಗೆಯ ಮೂಲೆಯಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಇಲ್ಲಿ ಚಿರೇಕಲ್ಲಿನ ಮೂರು ಮೋಟು ಕಂಬ, ಮೇಲೆ ಒಂದೂಕಾಲು ಇಂಚಿನ ಕಡಪಾ ಕಲ್ಲು, ಅದರ ಮೇಲೆ ಅರ್ಧ ಇಂಚಿನ ಥರ್ಮೋಕೋಲ್. ಥರ್ಮೋಕೋಲ್ ಬಿಟ್ಟರೆ ಕಲ್ಲಿನ ಒಂದು ಉಬ್ಬು ಸಾಕು, ತಳದ ಗಾಜು ಸೀಳಲು. ಮಟ್ಟಗೋಲು ಇಟ್ಟು ಉದ್ದಕ್ಕೂ ಅಡ್ಡಕ್ಕೂ ನೋಡಿ. ನೀರು ತುಂಬಿದ ಮೇಲೆ ಸರಿಮಾಡಲು ಆಗದು.

ಫಿಲ್ಟರ್ ಗೋಡೆ ಮತ್ತು ಕಾಲುವೆ

ಇಡೀ ಕೆಲಸದ ಜೀವ ಇಲ್ಲಿದೆ. ಹೊರಗೆ ಡಬ್ಬಿ ಫಿಲ್ಟರ್ ಇಡುವ ಬದಲು ಟ್ಯಾಂಕಿನ ಎಡತುದಿಯಲ್ಲಿ ಎರಡು ಇಂಚು ದಪ್ಪದ ಸ್ಪಂಜಿನ ಗೋಡೆ ನಿಲ್ಲಿಸಿ, ಅದರ ಹಿಂದೆ ನಾಲ್ಕು ಇಂಚಿನ ಕೋಣೆ ಬಿಟ್ಟಿದೆ. ಪಂಪು, ಹೀಟರು ಎರಡೂ ಆ ಕೋಣೆಯಲ್ಲಿ. ನೀರು ಸ್ಪಂಜಿನ ಮೂಲಕ ಕೋಣೆಗೆ ಬಂದು, ಪಂಪಿನಿಂದ ಸ್ಪಂಜಿನ ಮೇಲ್ತುದಿಯ ತೂತಿನ ಕೊಳವೆಯಲ್ಲಿ ಹೊರಟು, ಮೇಲ್ಮೈಯುದ್ದಕ್ಕೂ ಬಲತುದಿಗೆ ಹೋಗಿ, ಇಳಿದು, ತಳದ ಗುಂಟ ಮರಳಿ ಸ್ಪಂಜಿನ ಬುಡಕ್ಕೆ ಬರುತ್ತದೆ. ತಳದ ಹೊಟ್ಟನ್ನು ಅದು ಜೊತೆಗೆ ಎಳೆದು ತರುತ್ತದೆ.

ಲೆಕ್ಕ ಹೀಗೆ. ನೀರಿನ ಎತ್ತರ 40 ಸೆಂಟಿಮೀಟರ್, ಅಗಲ 45; ಸ್ಪಂಜಿನ ಮುಖ 1800 ಚದರ ಸೆಂಟಿಮೀಟರ್. ಸ್ಪಂಜಿನೊಳಗೆ ನೀರು ನಿಮಿಷಕ್ಕೆ 5ರಿಂದ 10 ಸೆಂಟಿಮೀಟರ್ ಚಲಿಸಿದರೆ ಅದರಲ್ಲಿ ನೆಲೆಸಿ ನೀರನ್ನು ಶುಚಿ ಮಾಡುವ ಬ್ಯಾಕ್ಟೀರಿಯಾ ಚೆನ್ನಾಗಿ ಕೆಲಸ ಮಾಡುತ್ತವೆ, ಹೊಟ್ಟು ಒಳಗೆ ನುಗ್ಗದೆ ಮುಖದ ಮೇಲೇ ನಿಲ್ಲುತ್ತದೆ. ಗಂಟೆಗೆ 1000 ಲೀಟರ್ ಎಂದು ಬರೆದ ಪಂಪು ಕೊಳವೆಯ ತಡೆ ಕಳೆದು ಕೊಡುವುದು ಸುಮಾರು 800. ಅದನ್ನು 60ರಿಂದ ಭಾಗಿಸಿ ಮುಖದ ಅಳತೆಗೆ ಹಂಚಿದರೆ ನಿಮಿಷಕ್ಕೆ 7.4 ಸೆಂಟಿಮೀಟರ್. ಇದಕ್ಕಿಂತ ದೊಡ್ಡ ಪಂಪು ಹಾಕಬೇಡಿ. ಹೊಟ್ಟು ಸ್ಪಂಜಿನ ಹೊಟ್ಟೆಯೊಳಗೆ ಸೇರಿದರೆ ಹಿಂಡಿದರೂ ಬರುವುದಿಲ್ಲ.

ಸ್ಪಂಜು ಅಕ್ವೇರಿಯಂಗೆಂದೇ ಮಾರುವ ಒರಟು ರಂಧ್ರದ ಹಾಳೆ ಆಗಬೇಕು. ಹುಬ್ಬಳ್ಳಿಯ ಅಂಗಡಿಗಳಲ್ಲಿ ಕೇಳಿ ನೋಡಬಹುದು. ಹಾಸಿಗೆಯ ಫೋಮ್ ಕೆಲವೇ ತಿಂಗಳಿಗೆ ಕುಸಿಯುತ್ತದೆ, ಅದಕ್ಕೆ ಏನೇನು ಬೆರೆಸಿರುತ್ತಾರೋ ತಿಳಿಯದು. ಟ್ಯಾಂಕಿನ ಒಳಅಗಲಕ್ಕಿಂತ ಅರ್ಧ ಇಂಚು ಹೆಚ್ಚೇ ಕತ್ತರಿಸಿ, ಒತ್ತಿ ಕೂರಿಸಿ. ಹಿಡಿದು ನಿಲ್ಲಿಸಲು ಮುಂದಿನ ಗಾಜಿಗೆ ಎರಡು, ಹಿಂದಿನದಕ್ಕೆ ಎರಡು, ಒಂದಿಂಚು ಅಗಲದ ಗಾಜಿನ ಪಟ್ಟಿ ಸಿಲಿಕಾನಿನಿಂದ ಅಂಟಿಸಿದೆ. ಪಟ್ಟಿಗಳ ನಡುವಿನ ಸಂದು ಎರಡು ಇಂಚಿಗೆ ಎರಡು ಮಿಲಿಮೀಟರ್ ಕಡಿಮೆ. ಬುಡದಲ್ಲಿ ಸಂದಿ ಉಳಿದರೆ ಮೀನು ಅಲ್ಲಿಂದ ಹಿಂದಿನ ಕೋಣೆಗೆ ನುಸುಳುತ್ತದೆ. ಬೆರಳು ತೂರದಂತೆ ಕೂತಿದೆಯೇ ನೋಡಿ.

ಸ್ಪಂಜಿನ ಮುಂದೆ ನಾಲ್ಕು ಇಂಚು ಜಾಗಕ್ಕೆ ಮರಳಿಲ್ಲ, ಬರೀ ಗಾಜು. ಅದರಾಚೆ ಮರಳು ಜಾರದಂತೆ ಮೂರು ಸೆಂಟಿಮೀಟರ್ ಎತ್ತರದ ಗಾಜಿನ ಪಟ್ಟಿಯನ್ನು ತಳಕ್ಕೆ ಅಡ್ಡ ಅಂಟಿಸಿದೆ. ಇದೇ ಹೊಟ್ಟಿನ ಕಾಲುವೆ. ಹೊಟ್ಟು ಬಂದು ಪಟ್ಟಿ ದಾಟಿ ಇಲ್ಲಿ ಬೀಳುತ್ತದೆ, ಕೊಳವೆ ಇಟ್ಟು ಎಳೆದರೆ ಮರಳು ಎದ್ದು ಬರುವ ತಾಪತ್ರಯವಿಲ್ಲ.

ಸಿಲಿಕಾನ್ ಹುಳಿ ವಾಸನೆಯದು, ಬೂಸ್ಟು ನಿರೋಧಕ ಬೆರೆಸಿಲ್ಲದ್ದು ಆಗಬೇಕು. ಬಚ್ಚಲಿಗೆಂದು ಮಾರುವುದು ಬೇಡ. ಮಳೆಗಾಲದಲ್ಲಿ ಸಿಲಿಕಾನ್ ಒಣಗದು ಎಂಬ ಮಾತಿದೆ, ಅದು ಸರಿಯಲ್ಲ. ಗಾಳಿಯ ತೇವ ಹೀರಿಯೇ ಅದು ಗಟ್ಟಿಯಾಗುವುದು. ಕೆಡುವುದು ಗಾಜಿನ ಮೈಮೇಲೆ ಕಣ್ಣಿಗೆ ಕಾಣದಂತೆ ಕೂತ ತೇವದಿಂದ. ಸ್ಪಿರಿಟ್ಟಿನಲ್ಲಿ ಒರೆಸಿ, ಹೇರ್ ಡ್ರೈಯರ್ ಹಿಡಿದು, ಬೆಚ್ಚಗಿರುವಾಗಲೇ ಅಂಟಿಸಿ. ಹಳೆಯ ಸಿಲಿಕಾನ್ ಇದ್ದರೆ ಬ್ಲೇಡಿನಿಂದ ಪೂರ್ತಿ ಕೆರೆಯಬೇಕು, ಹಳತರ ಮೇಲೆ ಹೊಸದು ಹಿಡಿಯುವುದಿಲ್ಲ. ಮೂರು ದಿನ ಬಿಟ್ಟು, ಹುಳಿ ವಾಸನೆ ಹೋದ ಮೇಲೆ ನೀರು.

ಹೀಟರು 200 ವ್ಯಾಟ್. ಡಿಸೆಂಬರ್-ಜನವರಿಯ ಶಿರಸಿ ಚಳಿಗೆ, ಜುಲೈನ ಬಿಡದ ಮಳೆಗೆ, ಅದು ಬೇಕೇ ಬೇಕು. ಈ ಮೀನಿಗೆ 24ರಿಂದ 28 ಡಿಗ್ರಿ ಹಿತ. ಕಾರವಾರದಲ್ಲಿ ಹೀಟರು ಇಲ್ಲದೆಯೂ ನಡೆಯುವ ತಿಂಗಳೇ ಹೆಚ್ಚು. ಹೀಟರನ್ನು ಕೋಣೆಯ ತಳದಲ್ಲಿ ಅಡ್ಡಲಾಗಿ ಮಲಗಿಸಿ, ನಿಲ್ಲಿಸಬೇಡಿ. ಸ್ಪಂಜು ಕಟ್ಟಿಕೊಂಡಾಗ ಮೊದಲು ಇಳಿಯುವುದು ಕೋಣೆಯ ನೀರು. ನಿಂತ ಹೀಟರಿನ ತಲೆ ಗಾಳಿಗೆ ಬಂದು ಕಾದು, ಮತ್ತೆ ನೀರು ತಾಗಿದ ಕ್ಷಣ ಒಡೆಯುತ್ತದೆ. ಉಷ್ಣಮಾಪಕ ಇರಬೇಕಾದ್ದು ಬಲತುದಿಯಲ್ಲಿ, ಹೀಟರಿನ ಪಕ್ಕದಲ್ಲಲ್ಲ. ಎಲ್ಲ ವೈರೂ ಸಾಕೆಟ್ಟಿಗಿಂತ ಕೆಳಗೆ ಜೋತು ಮೇಲೇರುವಂತಿರಲಿ, ಸಾಲಿಗೆ ಕರೆಂಟು ಸೋರಿದರೆ ತಾನೇ ಕಡಿಯುವ ಇಎಲ್‌ಸಿಬಿ ಸ್ವಿಚ್ಚು ಇರಲಿ.

ಮರಳು, ಕಟ್ಟಿಗೆ ಕೂರಿಸಿದ್ದು, ಹರಿವಿನ ಪರೀಕ್ಷೆ

ಹೊಳೆಮರಳು 12 ಕೆಜಿ, ತೊಳೆದ ನೀರು ತಿಳಿಯಾಗುವ ತನಕ ತೊಳೆದದ್ದು, ಒಂದೇ ಇಂಚು ದಪ್ಪ. ಮೇಲೆ ಎರಡು ಹನಿ ವಿನೆಗರ್ ಹಾಕಿದಾಗ ನೊರೆ ಬಂದರೆ ಚಿಪ್ಪಿನ ಚೂರಿದೆ ಎಂದರ್ಥ. ಕಡಲ ಮರಳು ಬೇಡ. ಜಲ್ಲಿಯೂ ಬೇಡ, ಕಾರಣ ಮೊದಲೇ ಹೇಳಿದೆ.

ಕಟ್ಟಿಗೆಯನ್ನು ಒಂದರ ಮೇಲೊಂದು ಒರಗಿಸಿ ಗುಡ್ಡ ಕಟ್ಟುವ ಆಸೆ ಎಲ್ಲರಿಗೂ ಆಗುತ್ತದೆ. ಈ ಟ್ಯಾಂಕಿನಲ್ಲಿ ಅದು ಅಪಾಯ. ಮೀನು ಆಧಾರದ ತುದಿಯನ್ನೇ ಕೆರೆದು ಕೆರೆದು ಸಣ್ಣ ಮಾಡುತ್ತದೆ, ಒಂದು ರಾತ್ರಿ ಮೇಲಿನ ತುಂಡು ಜಾರಿ ಗಾಜಿಗೆ ಬಡಿಯುತ್ತದೆ, ಇಲ್ಲವೇ ಅಡಿಯಲ್ಲಿದ್ದ ಮೀನಿನ ಮೇಲೆ ಬೀಳುತ್ತದೆ. ಮೂರೂ ತುಂಡು ಮರಳು ಸರಿಸಿ ನೇರ ತಳಕ್ಕೆ ತಾಗಿ, ತಮ್ಮಷ್ಟಕ್ಕೆ ನಿಲ್ಲಬೇಕು. ಗಾಜಿನಿಂದ ಎರಡು ಇಂಚು ದೂರ. ಅಡಗಲು ಒಂದೂವರೆ ಇಂಚಿನ ಪಿವಿಸಿ ಕೊಳವೆಯ ಆರಿಂಚಿನ ತುಂಡು ಎರಡು, ಒಂದು ತುದಿ ಮುಚ್ಚಿದ್ದು.

ನೀರು ತುಂಬಿ ಪಂಪು ಹಾಕಿದ ಮೇಲೆ ಅದೇ ಪೇರಲ ಕಟ್ಟಿಗೆಯನ್ನು ಅರದಲ್ಲಿ ಉಜ್ಜಿ, ರಾತ್ರಿ ನೆನೆಸಿ ಮುಳುಗಿದ ಹೊಟ್ಟನ್ನು ಎರಡು ಚಮಚ ಬಲತುದಿಯಲ್ಲಿ ಬಿಟ್ಟು ನೋಡಿದೆ. ಮೊದಲ ಸಲ ಅರ್ಧ ಭಾಗ ದೊಡ್ಡ ತುಂಡಿನ ಹಿಂದೆ ಮಡುವಿನಂತೆ ನಿಂತುಬಿಟ್ಟಿತು. ತುಂಡನ್ನು ಹರಿವಿಗೆ ಅಡ್ಡ ಇದ್ದದ್ದರಿಂದ ಉದ್ದಕ್ಕೆ ತಿರುಗಿಸಿ, ಕೊಳವೆಯ ಬಾಯನ್ನು ಹಿಂದಿನ ಗಾಜಿನತ್ತ ಸ್ವಲ್ಪ ಓರೆ ಮಾಡಿದಾಗ ಮರುದಿನ ಬೆಳಿಗ್ಗೆಯೊಳಗೆ ಹೆಚ್ಚುಕಡಿಮೆ ಎಲ್ಲವೂ ಕಾಲುವೆ ಸೇರಿತ್ತು. ಮೀನು ಬರುವ ಮೊದಲೇ ಮಾಡಿಕೊಳ್ಳಬೇಕಾದ ಪರೀಕ್ಷೆ ಇದು.

ನೀರು: ಘಟ್ಟದ ಮೇಲೆ ಒಂದು ತೊಂದರೆ, ಕೆಳಗೆ ಇನ್ನೊಂದು

ಟ್ಯಾಂಕಿನಲ್ಲಿ ನಿಜವಾಗಿ ಹಿಡಿದ ನೀರು 150 ಲೀಟರ್. ಬಾವಿ ನೀರಿನ ಟಿಡಿಎಸ್ (ಕರಗಿದ ಲವಣಗಳ ಅಳತೆ) 48, ಕೆಎಚ್ (ಹುಳಿಯನ್ನು ತಡೆಯುವ ಕ್ಷಾರದ ಅಳತೆ) 1, ಪಿಎಚ್ (7ಕ್ಕಿಂತ ಇಳಿದಷ್ಟೂ ನೀರು ಹುಳಿ) 6.6. ಚಿರೇಕಲ್ಲು ನೆಲದ ಬಾವಿ ನೀರು ಹೀಗೆ ಮೆದುವಾಗಿರುತ್ತದೆ, ಒರಿನೊಕೊ ಮೀನಿಗೆ ಹೇಳಿ ಮಾಡಿಸಿದಂತೆ. ಆದರೆ ಮೆದು ನೀರಿಗೆ ಹುಳಿಯನ್ನು ತಡೆಯುವ ಬಲವಿಲ್ಲ. ಕಟ್ಟಿಗೆ ಒಗರು ಬಿಡುತ್ತದೆ. ಮೀನಿನ ಗಲೀಜಿನಿಂದ ಹುಟ್ಟುವ ವಿಷಕಾರಿ ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕಕ್ಕೆ ಏಳು ಮಿಲಿಗ್ರಾಂನಷ್ಟು ಕ್ಷಾರವನ್ನು ನುಂಗುತ್ತವೆ. ಕೆಎಚ್ ಸೊನ್ನೆಗಿಳಿದರೆ ಪಿಎಚ್ ಒಂದೇ ರಾತ್ರಿ 5ರ ಹತ್ತಿರ ಕುಸಿಯಬಹುದು, ಬ್ಯಾಕ್ಟೀರಿಯಾಗಳ ಕೆಲಸ ನಿಂತು ಅಮೋನಿಯಾ ಏರುತ್ತದೆ. ಸುಲಭದ ಮದ್ದು ಕರಾವಳಿಯಲ್ಲೇ ಇದೆ. ಅಘನಾಶಿನಿ ಅಳಿವೆಯ ಬಳಚು, ಕಾರವಾರದ ಕಡೆ ತಿಸ್ರೆ ಎನ್ನುವುದು, ಅಡುಗೆ ಮುಗಿದ ಮೇಲೆ ಉಳಿದ ಚಿಪ್ಪನ್ನು ಕುದಿಸಿ, ಉಜ್ಜಿ, ಒಣಗಿಸಿ, ಹುಣಸೆಬೀಜದಷ್ಟು ಚೂರು ಮಾಡಿ 50 ಗ್ರಾಂ ಬಲೆ ಚೀಲದಲ್ಲಿ ಪಂಪಿನ ಕೋಣೆಗೆ ಇಳಿಬಿಟ್ಟಿದೆ. ನೀರು ಹುಳಿಯಾದಷ್ಟೂ ಅದು ಕರಗುತ್ತದೆ, ಹುಳಿ ಇಲ್ಲದಾಗ ಸುಮ್ಮನಿರುತ್ತದೆ. ಕೆಎಚ್ 2-3ರಲ್ಲಿ ನಿಂತರೆ ಸಾಕು.

ಕರಾವಳಿಯ ತೊಂದರೆ ಬೇರೆ. ಕೋಡಿಬಾಗದಂತೆ ಅಳಿವೆ ಹತ್ತಿರದ ಊರುಗಳಲ್ಲಿ ಏಪ್ರಿಲ್-ಮೇ ಹೊತ್ತಿಗೆ ಬಾವಿಗೆ ಉಪ್ಪು ನುಗ್ಗಬಹುದು. ಟಿಡಿಎಸ್ ಪೆನ್ನಿನಿಂದ ಪ್ರತಿ ಸಲ ಅಳೆಯಿರಿ. 400 ದಾಟಿದರೆ ಕೂಡಿಟ್ಟ ಮಳೆನೀರು ಬೆರೆಸಬೇಕು. ಜೂನ್ ಮೊದಲ ವಾರ ಹೆಂಚು ತೊಳೆದ ನೀರು ಬಿಟ್ಟು, ಆಮೇಲಿನದನ್ನು ಡ್ರಮ್ಮಿನಲ್ಲಿ ಮುಚ್ಚಿಡಿ.

ಎರಡೂ ಕಡೆ ಒಂದೇ ರೀತಿ ಎಚ್ಚರವಾಗಿರಬೇಕಾದದ್ದು ಕ್ಲೋರಿನ್ ಬಗ್ಗೆ. ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಹೋಗುತ್ತಾರೆ, ಮನೆಯವರಿಗೆ ಗೊತ್ತಿರದೆಯೂ ಇರಬಹುದು. ಬಾವಿ ನೀರೆಂದು ನಂಬಿ ನೇರ ಸುರಿಯಬೇಡಿ. 100 ಲೀಟರ್ ನೀರಿಗೆ ಒಂದು ಗ್ರಾಂ ಸೋಡಿಯಂ ಥಯೋಸಲ್ಫೇಟ್ ಮಾಮೂಲಿ ಪ್ರಮಾಣದ ಕ್ಲೋರಿನ್ನಿಗೆ ಸಾಲುತ್ತದೆ. ಆಗಷ್ಟೇ ಪೌಡರ್ ಹಾಕಿದ ಬಾವಿಯಾದರೆ ನಾಲ್ಕೈದು ದಿನ ಆ ನೀರೇ ಬೇಡ.

ಮೀನಿಲ್ಲದೆ ನೀರು ಹದಗೊಳಿಸಲು, ಅಂದರೆ ಸ್ಪಂಜಿನಲ್ಲಿ ಆ ಬ್ಯಾಕ್ಟೀರಿಯಾಗಳನ್ನು ಮೊದಲೇ ಬೆಳೆಸಲು, ಅಮೋನಿಯಂ ಕ್ಲೋರೈಡ್ ಬಳಸಿದೆ. ಕಲಾಯಿ ಹಾಕುವವರ ನವಸಾಗರ ಇದೇ, ಆದರೆ ಬೇಕಾದದ್ದು ಪ್ರಯೋಗಾಲಯ ದರ್ಜೆಯದು. 150 ಲೀಟರಿಗೆ 0.9 ಗ್ರಾಂ ಹಾಕಿದರೆ ಅಮೋನಿಯಾ ಸುಮಾರು 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಆಗುತ್ತದೆ. ಸೊನ್ನೆಗಿಳಿದಾಗಲೆಲ್ಲ ಮತ್ತೆ ಅಷ್ಟೇ. ಮೂರನೇ ವಾರ ಅಮೋನಿಯಾ ನೈಟ್ರೇಟ್ ಆಗುವ ನಡುವಿನ ಹಂತವಾದ ನೈಟ್ರೈಟ್ ಏರಿ ಅಲ್ಲೇ ನಿಂತಿತು, ಅಲುಗಾಡಲಿಲ್ಲ. ಅಳೆದರೆ ಕೆಎಚ್ ಮುಗಿದಿತ್ತು. ಅಡುಗೆ ಸೋಡಾ ಒಂಬತ್ತು ಗ್ರಾಂ ಕರಗಿಸಿ ಎರಡು ಕೆಎಚ್ ಏರಿಸಿದ ಮೇಲೆ ಐದೇ ದಿನಕ್ಕೆ ಇಳಿಯಿತು. ಮೆದು ನೀರಿನ ಊರಲ್ಲಿ ಹದಗೊಳ್ಳುವುದು ಅರ್ಧದಲ್ಲಿ ನಿಂತರೆ ಮೊದಲು ಅಳೆಯಬೇಕಾದದ್ದು ಕೆಎಚ್. ಒಟ್ಟು ಆರು ವಾರ ಹಿಡಿಯಿತು. ಅಷ್ಟರಲ್ಲಿ ಕಟ್ಟಿಗೆಯ ಮೇಲೆ ಬಿಳಿ ಲೋಳೆ ಬಂದು ಹೋಯಿತು. ಅದು ಕೆಟ್ಟದ್ದಲ್ಲ, ತೆಗೆಯಬೇಕಾಗಿಲ್ಲ.

ಜೊತೆ ಮೀನುಗಳು

ಮೊದಲು 12 ಕಾರ್ಡಿನಲ್ ಟೆಟ್ರಾ, ಮೂರು ವಾರ ಬಿಟ್ಟು ಆರು ಕೋರಿಡೋರಾಸ್, ಕೊನೆಗೆ ಎರಡು ಕ್ಲೌನ್ ಪ್ಲೆಕೊ. ಕಟ್ಟಿಗೆ ಮೀನು ಕೊನೆಗೇ ಬರಬೇಕು, ಅದರ ಮೇವಾದ ಲೋಳೆಪದರ ಅಷ್ಟರಲ್ಲಿ ಬಲಿತಿರುತ್ತದೆ. ಕಾರ್ಡಿನಲ್‌ಗೂ ಒರಿನೊಕೊ ತವರೇ. ಕಂದು ನೀರು, ಮಂದ ಬೆಳಕು ಅದಕ್ಕೆ ಹಿತ, ತಳಕ್ಕೆ ಅದರ ತಂಟೆಯಿಲ್ಲ. ಕೋರಿಡೋರಾಸ್ ಮೂತಿಯಿಂದ ಮರಳು ಕೆದರುತ್ತಲೇ ಇರುತ್ತದೆ, ಮರಳಿನಲ್ಲಿ ಸಿಕ್ಕಿಕೊಂಡ ಹೊಟ್ಟು ಎದ್ದು ಹರಿವಿಗೆ ಸೇರುತ್ತದೆ. ಈ ಟ್ಯಾಂಕಿನಲ್ಲಿ ಅರ್ಧ ಶುಚಿಕೆಲಸ ಅವುಗಳದೇ.

ಗೋಲ್ಡ್‌ಫಿಶ್ ಬೇಡ, ಅದಕ್ಕೆ ತಂಪು ಬೇಕು, ಗಲೀಜೂ ಹೆಚ್ಚು. ಡಿಸ್ಕಸ್‌ಗೆ ಬೇಕಾದ 29-30 ಡಿಗ್ರಿ ಇದಕ್ಕೆ ಜಾಸ್ತಿ. ಮೋಲಿಗೆ ಗಡಸು ನೀರು ಬೇಕು. ಏಂಜೆಲ್ ಬೆಳೆದ ಮೇಲೆ ಕಾರ್ಡಿನಲ್‌ಗಳನ್ನು ನುಂಗುತ್ತದೆ. ಇನ್ನೊಂದು ಜಾತಿಯ ಸಕ್ಕರ್ ಸೇರಿಸಿದರೆ ಕೊಳವೆಗಾಗಿ ಜಗಳ. ಹಳ್ಳದಿಂದ ಹಿಡಿದು ತಂದ ಮೀನಿನ ಜೊತೆ ಪರೋಪಜೀವಿ ಬರುತ್ತದೆ.

ಕೊಳ್ಳುವಾಗ ಪ್ಲೆಕೊವನ್ನು ಗಾಜಿಗೆ ಅಂಟಿಸಿ ಹೊಟ್ಟೆ ನೋಡಿ. ಹೊಟ್ಟೆ ಒಳಗೆ ಕುಳಿಬಿದ್ದು, ಕಣ್ಣು ಗುಳಿಬಿದ್ದಿದ್ದರೆ ಎಷ್ಟು ಕಡಿಮೆಗೆ ಕೊಟ್ಟರೂ ಬಿಡಿ. ಮೂರು ವಾರ ಬೇರೆ ಟಬ್ಬಿನಲ್ಲಿ, ನೆನೆದ ಒಂದು ಕಟ್ಟಿಗೆ ತುಂಡಿನ ಜೊತೆಗೇ ಇಡಬೇಕು. ತಾಮ್ರ ಸೇರಿದ ಔಷಧಿ ಯಾವ ಕಾರಣಕ್ಕೂ ಬೇಡ.

ಮೇವು

ದೀಪ ಆರಿಸಿ ಅರ್ಧ ಗಂಟೆಯಾದ ಮೇಲೆ ಹಾಕಬೇಕು, ಇಲ್ಲವಾದರೆ ಟೆಟ್ರಾಗಳೇ ಮುಗಿಸುತ್ತವೆ. ಅತ್ಯುತ್ತಮವಾದದ್ದು ಗೆಣಸು: ಬೆರಳು ದಪ್ಪದ ಬಿಲ್ಲೆ, ನಾಲ್ಕು ನಿಮಿಷ ಬೇಯಿಸಿ, ಸ್ಟೀಲ್ ಚಮಚಕ್ಕೆ ಚುಚ್ಚಿ ಮುಳುಗಿಸಿ. ವಾರಕ್ಕೆರಡು ಸಲ ಸಾಕು. ಬೀಜ ತೆಗೆದ ಮೊಗೆಕಾಯಿ, ಹೀರೆಕಾಯಿ ಸರದಿಯಲ್ಲಿ. ಬೆಳಿಗ್ಗೆ ಉಳಿದದ್ದನ್ನು ತೆಗೆಯಲೇಬೇಕು. ಎರಡು ಮೀನಿಗೆ ಸ್ಪಿರುಲಿನಾ ಬಿಲ್ಲೆ ಎರಡು, ದಿನ ಬಿಟ್ಟು ದಿನ. ವಾರಕ್ಕೊಮ್ಮೆ ಕಡಲೆಕಾಳಿನಷ್ಟು ತಾಜಾ ಶೆಟ್ಲಿ (ಸೀಗಡಿ). ಉಪ್ಪು ಹಾಕಿ ಒಣಗಿಸಿದ್ದು ಬೇಡ. ಮಾಂಸದ ಮೇವು ಹೆಚ್ಚಾದರೆ ಈ ಮೀನಿನ ಉದ್ದ ಕರುಳು ಕೆಡುತ್ತದೆ. ಗಾಜಿನ ಪಾಚಿ ತಿನ್ನಲಿ ಎಂದು ಈ ಮೀನಿನಿಂದ ಬಯಸಬೇಡಿ, ಅದು ಅದರ ಕಸುಬಲ್ಲ.

ಏನು ಕೆಡುತ್ತದೆ, ಹೇಗೆ ತಿಳಿಯುತ್ತದೆ

ಕಾಲುವೆಯಿಂದ ಹೊಟ್ಟು ಎಳೆಯುವುದು ವಾರಕ್ಕೆ ಎರಡು ಸಲ, ಬೆರಳು ದಪ್ಪದ ಕೊಳವೆಯಲ್ಲಿ. ಅದೇ ಸಲಕ್ಕೆ 20 ಲೀಟರಿನಂತೆ ವಾರಕ್ಕೆ 40 ಲೀಟರ್ ನೀರು ಬದಲಾಗುತ್ತದೆ. ಕೊಳವೆಯನ್ನು ಸ್ಪಂಜಿನ ಮುಖದ ಮೇಲೂ ಒಮ್ಮೆ ಆಡಿಸಿ. ಕೋಣೆಯ ನೀರಿನ ಮಟ್ಟ ಮುಂದಿಗಿಂತ ಎಷ್ಟು ಕೆಳಗಿದೆ ಎಂಬುದೇ ಸ್ಪಂಜಿನ ನಾಡಿ. ಅರ್ಧ ಸೆಂಟಿಮೀಟರ್ ಇದ್ದರೆ ಸರಿ. ಎರಡೂವರೆ ಆದರೆ ಆ ದಿನವೇ ಸ್ಪಂಜು ತೆಗೆದು, ಟ್ಯಾಂಕಿನ ನೀರನ್ನೇ ಬಕೆಟ್ಟಿಗೆ ಹಾಕಿಕೊಂಡು ಹಿಂಡಿ. ಬಚ್ಚಲ ನಲ್ಲಿಯ ಕೆಳಗೆ ಹಿಂಡಿದರೆ ಆರು ವಾರದ ಬ್ಯಾಕ್ಟೀರಿಯಾ ಹೋಯಿತು.

ಜೂನ್‌ನಿಂದ ಆಗಸ್ಟ್ ತನಕ ಮರ ಬಿದ್ದು ತಂತಿ ಹರಿದರೆ ಒಂದು ದಿನ ಕರೆಂಟಿಲ್ಲದಿರುವುದು ಘಟ್ಟದ ಮೇಲೆ ಸಾಮಾನ್ಯ. ಸ್ಪಂಜಿನ ಗೋಡೆಯ ಒಂದು ದೊಡ್ಡ ಅನುಕೂಲ ಆಗ ತಿಳಿಯುತ್ತದೆ: ಮುಚ್ಚಿದ ಡಬ್ಬಿ ಫಿಲ್ಟರಿನಲ್ಲಿ ಉಸಿರುಗಟ್ಟಿ ಬ್ಯಾಕ್ಟೀರಿಯಾ ಸಾಯಬಹುದು, ಗೋಡೆಯಾದರೆ ಎರಡು ಬದಿಯಲ್ಲೂ ತೆರೆದ ನೀರು. ಬ್ಯಾಟರಿಯ ಏರ್ ಪಂಪಿನ ಕಲ್ಲನ್ನು ಸ್ಪಂಜಿನ ಬುಡದಲ್ಲೇ ಇಡಿ. ಹೀಟರನ್ನು ಇನ್ವರ್ಟರಿಗೆ ಹಾಕಬೇಡಿ, ಟ್ಯಾಂಕಿನ ಮೂರು ಬದಿಗೆ ಕಂಬಳಿ ಸುತ್ತಿದರೆ ತಾಪ ನಿಧಾನ ಇಳಿಯುತ್ತದೆ. ಆ ದಿನ ಮೇವು ಬೇಡ.

ಬೇಸಿಗೆಯಲ್ಲಿ ತೊಂದರೆ ಉಸಿರಿನದು. 25 ಡಿಗ್ರಿ ನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 32 ಡಿಗ್ರಿಯದು 7.3 ಮಾತ್ರ, ಕೊಳೆಯುವ ಹೊಟ್ಟು ಅದರಲ್ಲೂ ಪಾಲು ಕೇಳುತ್ತದೆ. ಮೇಲ್ಮೈಗೆ ಫ್ಯಾನ್ ಹಿಡಿದರೆ ಶಿರಸಿಯ ಒಣ ಮಾರ್ಚಿನಲ್ಲಿ ಎರಡು ಮೂರು ಡಿಗ್ರಿ ಇಳಿಯುತ್ತದೆ. ಕಾರವಾರದ ಜಿಗುಟು ಗಾಳಿಯಲ್ಲಿ ಅಷ್ಟು ಇಳಿಯುವುದಿಲ್ಲ, ನೀರು ಆವಿಯಾದರೆ ತಾನೆ ತಂಪು. ಅಲ್ಲಿ ಏರ್ ಕಲ್ಲು ಹಗಲೂ ರಾತ್ರಿ ನಡೆಯಬೇಕು, ಏಪ್ರಿಲ್-ಮೇನಲ್ಲಿ ಕಾಲುವೆಯನ್ನು ದಿನ ಬಿಟ್ಟು ದಿನ ಬಳಿಯಬೇಕು, ಟೆಟ್ರಾ ಎಂಟಕ್ಕೆ ನಿಲ್ಲಿಸಬೇಕು.

ಹೊಟ್ಟು ಒಮ್ಮೆಲೇ ಕಡಿಮೆಯಾದರೆ ಖುಷಿಪಡಬೇಡಿ, ಮೀನು ಕೆರೆಯುವುದನ್ನು ನಿಲ್ಲಿಸಿದೆ. ರಾತ್ರಿ ಕೆಂಪು ದೀಪ ಹಿಡಿದು ಹೊಟ್ಟೆ ನೋಡಿ, ಪಿಎಚ್ ಅಳೆಯಿರಿ, ಕೊಳವೆಯಲ್ಲಿ ಗಂಡು ಮೊಟ್ಟೆ ಕಾಯುತ್ತಿದೆಯೇ ಎಂದೂ ನೋಡಿ.

ಕಟ್ಟಿಗೆ ಬದಲಿಸುವುದಕ್ಕೆ ಒಂದು ತುಂಡು ಯಾವಾಗಲೂ ಬಕೆಟ್ಟಿನಲ್ಲಿ ನೆನೆಯುತ್ತಿರಬೇಕು, ಇನ್ನೊಂದು ಮಾಡಿನ ಕೆಳಗೆ ಒಣಗುತ್ತಿರಬೇಕು. ಹಳೆಯ ತುಂಡಿನಲ್ಲಿ ಮೀನಿನ ತಲೆ ತೂರುವಷ್ಟು ಪೊಟರೆ ಬಿದ್ದರೆ, ಒಳಗೆ ಸಿಕ್ಕಿಕೊಳ್ಳದಂತೆ ಆ ಜಾಗಕ್ಕೆ ಗರಗಸ ಹಾಕಿ ತೆರೆದು ಮತ್ತೆ ಇಡಿ. ಹಳತನ್ನು ಎತ್ತಿ ಹೊಸದನ್ನು ಇಡುವುದಲ್ಲ. ಹೊಸದನ್ನು ಪಕ್ಕಕ್ಕಿಟ್ಟು, ಅದರ ಮೇಲೆ ಹಲ್ಲಿನ ಗೀರು ಬಿದ್ದದ್ದು ಕಂಡ ಮೇಲೆ ಹಳತನ್ನು ತೆಗೆಯಿರಿ. ಈ ಟ್ಯಾಂಕಿನಲ್ಲಿ ಅದಕ್ಕೆ ಐದು ವಾರ ಬೇಕಾಯಿತು.